ಗರ್ಭಿಣಿಯ ರಕ್ತವೂ ಆಹಾರದ ಸಸಾರಜನಕವೂ

ಒಬ್ಬ ತರುಣಿಯ ರಕ್ತಪರೀಕ್ಷೆಯ ಎರಡು ಚೀಟಿಗಳು ನಮ್ಮ ಮುಂದೆ ಇವೆ ಎಂದು ಭಾವಿಸೋಣ. ಮೊದಲನೆಯದು ಆಕೆ ಗರ್ಭಿಣಿಯಾಗುವುದಕ್ಕೆ ಮುಂಚಿನದು. ಎರಡನೆಯದು ಎಂಟನೆಯ ತಿಂಗಳಿನದು. ಮೊದಲ ಚೀಟಿಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ ಹೀಮೋಗ್ಲೋಬಿನ್ 12.5 ಗ್ರಾಂ ಎಂದೂ, 100 ಮಿಲಿಲೀಟರ್ ರಕ್ತರಸಕ್ಕೆ ಆಲ್ಬುಮಿನ್ 4 ಗ್ರಾಂ ಎಂದೂ ಬರೆದಿದೆ. ಎರಡನೆಯ ಚೀಟಿಯಲ್ಲಿ ಹೀಮೋಗ್ಲೋಬಿನ್ 11ಕ್ಕೆ ಇಳಿದಿದೆ. ಆಲ್ಬುಮಿನ್ 3ಕ್ಕೆ ಇಳಿದಿದೆ. ಯೂರಿಯ ಎಂಬ ವಸ್ತುವೂ ಕಡಿಮೆಯಾಗಿದೆ. ಸಾಲದುದಕ್ಕೆ ಸಂಜೆಯ ಹೊತ್ತಿಗೆ ಆಕೆಯ ಪಾದಗಳು ತುಸು ಊದಿಕೊಳ್ಳುತ್ತವೆ.

ಮನೆಯವರಿಗೆ ಗಾಬರಿಯಾಗುವುದು ಸಹಜ. “ಇವಳಿಗೆ ಊಟ ಸಾಲದು, ಮಗು ಇವಳ ರಕ್ತವನ್ನೆಲ್ಲ ಹೀರಿಬಿಡುತ್ತಿದೆ” ಎಂದು ಅತ್ತೆ ಹೇಳಬಹುದು. ಪ್ರೋಟೀನ್ ಪುಡಿಯ ಡಬ್ಬವನ್ನು ತರಲು ಗಂಡ ಅಂಗಡಿಗೆ ಹೊರಡಬಹುದು. ಇವರ ಊಹೆ ಸರಿಯೆ? ರಕ್ತದಲ್ಲಿ ಸಸಾರಜನಕ ಇಳಿದಿದೆ ಎಂದರೆ ಊಟದಲ್ಲಿ ಸಸಾರಜನಕ ಸಾಲದೆಂದು ಅರ್ಥವೆ?

ನೋಡುವುದಕ್ಕೆ ಪ್ರಶ್ನೆ ಸುಲಭವಾದುದು. ಆದರೆ ಇದಕ್ಕೆ ಸರಿಯಾದ ಉತ್ತರವನ್ನು ಕಂಡುಕೊಳ್ಳಲು ವೈದ್ಯವಿಜ್ಞಾನಕ್ಕೆ ಹತ್ತಿರಹತ್ತಿರ ಒಂದು ಶತಮಾನ ಬೇಕಾಯಿತು. ಅಷ್ಟರಲ್ಲಿ ತಪ್ಪು ಉತ್ತರಗಳನ್ನು ನಂಬಿ ಎಷ್ಟೋ ಗರ್ಭಿಣಿಯರನ್ನು ಅರೆಹೊಟ್ಟೆಯಲ್ಲಿ ಇರಿಸಿದ್ದೂ ಉಂಟು, ಬೇಡದಷ್ಟು ಸಸಾರಜನಕವನ್ನು ಕುಡಿಸಿದ್ದೂ ಉಂಟು. ಆ ಕಥೆಯನ್ನು ಮೊದಲಿನಿಂದ ನೋಡೋಣ.

ರಕ್ತರಸವು ನೀರನ್ನು ಹಿಡಿಯುವ ಬಗೆ

ರಕ್ತವನ್ನು ಹೆಪ್ಪುಗಟ್ಟದಂತೆ ಮಾಡಿ ಗಾಜಿನ ನಳಿಗೆಯಲ್ಲಿ ನಿಲ್ಲಿಸಿದರೆ ಕೆಂಪು ಕಣಗಳು ತಳಕ್ಕೆ ಇಳಿಯುತ್ತವೆ. ಮೇಲೆ ತಿಳಿಹಳದಿಯ ದ್ರವ ನಿಲ್ಲುತ್ತದೆ. ಇದೇ ರಕ್ತರಸ, ಅಂದರೆ ಪ್ಲಾಸ್ಮಾ. ಇದರ ಬಹುಭಾಗ ನೀರು. ಆ ನೀರಿನಲ್ಲಿ ಉಪ್ಪು, ಸಕ್ಕರೆ ಮೊದಲಾದುವುಗಳ ಜೊತೆಗೆ ಹಲವು ಬಗೆಯ ಸಸಾರಜನಕಗಳು ಕರಗಿರುತ್ತವೆ. ಸಸಾರಜನಕವೆಂದರೆ ಸಾರಜನಕವುಳ್ಳ ವಸ್ತು. ಪ್ರೋಟೀನ್ ಎಂದು ಈಗ ಮನೆಮನೆಯಲ್ಲೂ ಹೇಳುವುದು ಇದನ್ನೇ. ರಕ್ತರಸದ ಸಸಾರಜನಕಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಆಲ್ಬುಮಿನ್ನಿನದು. ಇದು ತಯಾರಾಗುವುದು ಪಿತ್ತಜನಕಾಂಗದಲ್ಲಿ.

ಆಲ್ಬುಮಿನ್ನಿನ ಒಂದು ಮುಖ್ಯ ಕೆಲಸವನ್ನು ತೋರಿಸಿಕೊಟ್ಟವನು ಲಂಡನ್ನಿನ ಶರೀರಕ್ರಿಯಾವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್. ಅಂಗಾಂಶದಲ್ಲಿ ತುಂಬಿದ ಬರಿಯ ಉಪ್ಪುನೀರು ತಾನಾಗಿ ರಕ್ತನಾಳಗಳಿಗೆ ಮರಳುವುದೆಂದೂ, ಅದೇ ಜಾಗದಲ್ಲಿ ಸಸಾರಜನಕವುಳ್ಳ ದ್ರವವನ್ನು ತುಂಬಿದರೆ ಹಾಗೆ ಮರಳುವುದಿಲ್ಲವೆಂದೂ ಅವನು 1896ರಲ್ಲಿ ಪ್ರಕಟಿಸಿದನು. ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ನೀರು ಹಾಯಬಲ್ಲುದು. ಆಲ್ಬುಮಿನ್ನಿನಂಥ ದೊಡ್ಡ ಅಣು ಸುಲಭವಾಗಿ ಹಾಯಲಾರದು. ನಾಳದೊಳಗೆ ಉಳಿದ ಆಲ್ಬುಮಿನ್ ಹೊರಗಿನ ನೀರನ್ನು ತನ್ನ ಕಡೆಗೆ ಸೆಳೆಯುತ್ತದೆ. ಹೃದಯದ ಒತ್ತಡ ನೀರನ್ನು ಹೊರಕ್ಕೆ ನೂಕಿದರೆ ಆಲ್ಬುಮಿನ್ ಒಳಕ್ಕೆ ಎಳೆಯುವುದು. ಈ ಎರಡರ ತೂಗಾಟದಿಂದಲೇ ರಕ್ತ ನಾಳದಲ್ಲಿ ನಿಲ್ಲುತ್ತದೆ.

ಇಲ್ಲಿಂದ ಒಂದು ತೀರ್ಮಾನಕ್ಕೆ ಹಾರುವುದು ಬಹಳ ಸುಲಭ. ಊಟದಲ್ಲಿ ಸಸಾರಜನಕ ಕಡಿಮೆಯಾದರೆ ರಕ್ತದಲ್ಲಿ ಆಲ್ಬುಮಿನ್ ಕಡಿಮೆಯಾಗುವುದು. ಆಲ್ಬುಮಿನ್ ಕಡಿಮೆಯಾದರೆ ನೀರು ನಾಳದಿಂದ ಸೋರಿ ಕಾಲು ಊದುವುದು. ಆದುದರಿಂದ ಕಾಲು ಊದಿದ ಗರ್ಭಿಣಿಗೆ ಸಸಾರಜನಕದ ಕೊರತೆ ಇದೆ. ಈ ಸರಪಳಿಯ ಒಂದೊಂದು ಕೊಂಡಿಯೂ ಗಟ್ಟಿಯಾಗಿ ತೋರುತ್ತದೆ. ಆದರೆ ಗರ್ಭಿಣಿಯ ಶರೀರ ಈ ಲೆಕ್ಕದಂತೆ ನಡೆಯುವುದಿಲ್ಲ.

ನೆಂಟರು ಬಂದ ಮನೆಯ ಸಾರು

ಊಟದ ಹೊತ್ತಿಗೆ ನಾಲ್ವರು ನೆಂಟರು ಬಂದಾಗ ಗೃಹಿಣಿ ಏನು ಮಾಡುವಳು? ಒಲೆಯ ಮೇಲಿನ ಸಾರಿಗೆ ಇನ್ನೊಂದು ಹಿಡಿ ಬೆಂದ ಬೇಳೆ ಹಾಕಿ, ಅದಕ್ಕಿಂತ ಹೆಚ್ಚಾಗಿಯೇ ನೀರು ಬೆರೆಸುವಳು. ಸಾರು ಮೊದಲಿಗಿಂತ ತೆಳುವಾಯಿತು. ಆದರೆ ಪಾತ್ರೆಯಲ್ಲಿರುವ ಬೇಳೆ ಕಡಿಮೆಯಾಯಿತೆ? ಇಲ್ಲ, ಹೆಚ್ಚೇ ಆಗಿದೆ. ಒಂದು ಸೌಟು ಸಾರನ್ನು ಮಾತ್ರ ರುಚಿ ನೋಡಿದವನಿಗೆ ಇದು ತಿಳಿಯದು; ಪಾತ್ರೆಯನ್ನು ನೋಡಿದವನಿಗೆ ತಿಳಿಯುವುದು.

ಗರ್ಭಿಣಿಯ ಶರೀರದಲ್ಲಿ ನಡೆಯುವುದೂ ಇದೇ. ಗರ್ಭ ನಿಂತ ಕೆಲವೇ ವಾರಗಳಲ್ಲಿ ರಕ್ತರಸ ಹೆಚ್ಚತೊಡಗುತ್ತದೆ. ಮೊದಲು ಸುಮಾರು 2,600 ಮಿಲಿಲೀಟರ್ ಇದ್ದದ್ದು ಎಂಟನೆಯ ತಿಂಗಳ ಹೊತ್ತಿಗೆ ಸುಮಾರು 3,800 ಮಿಲಿಲೀಟರಿಗೆ ಏರುತ್ತದೆ. ಅಂದರೆ ಶೇಕಡಾ 40ಕ್ಕಿಂತ ಹೆಚ್ಚು. ಕೆಂಪು ರಕ್ತಕಣಗಳೂ ಹೆಚ್ಚುತ್ತವೆ; ಆದರೆ ಅವುಗಳ ಏರಿಕೆ ಶೇಕಡಾ 20ರಿಂದ 30ರಷ್ಟು ಮಾತ್ರ. ಆದುದರಿಂದ ಕಣಗಳ ಒಟ್ಟು ಸಂಖ್ಯೆ ಹೆಚ್ಚಿದರೂ 100 ಮಿಲಿಲೀಟರಿನ ಲೆಕ್ಕದಲ್ಲಿ ಹೀಮೋಗ್ಲೋಬಿನ್ ಇಳಿದಂತೆ ಕಾಣುವುದು.

ಆಲ್ಬುಮಿನ್ನಿನ ಲೆಕ್ಕವನ್ನು ನಾವೇ ಮಾಡಿ ನೋಡಬಹುದು. ಮೊದಲು 2,600 ಮಿಲಿಲೀಟರ್ ರಕ್ತರಸ; 100ಕ್ಕೆ 4 ಗ್ರಾಂ. ಒಟ್ಟು 104 ಗ್ರಾಂ ಆಯಿತು. ಎಂಟನೆಯ ತಿಂಗಳಲ್ಲಿ 3,800 ಮಿಲಿಲೀಟರ್. 100ಕ್ಕೆ 3 ಗ್ರಾಂ. ಒಟ್ಟು 114 ಗ್ರಾಂ! ಚೀಟಿಯಲ್ಲಿ ಕಾಲುಭಾಗ ಇಳಿದಂತೆ ತೋರಿದ ಆಲ್ಬುಮಿನ್ ನಿಜವಾಗಿ ಕಡಿಮೆಯಾಗಿಯೇ ಇಲ್ಲ. ಚೀಟಿ ಸುಳ್ಳು ಹೇಳಲಿಲ್ಲ. ಅದು ಒಂದು ಸೌಟಿನ ಮಾತನ್ನು ಹೇಳಿತು, ಪಾತ್ರೆಯ ಮಾತನ್ನು ಹೇಳಲಿಲ್ಲ.

ಶರೀರ ಹೀಗೇಕೆ ತನ್ನ ರಕ್ತವನ್ನು ತೆಳುಮಾಡಿಕೊಳ್ಳುತ್ತದೆ? ಇದರಿಂದ ಲಾಭಗಳುಂಟು. ಶಿಶುವಿಗೆ ಆಹಾರವನ್ನೂ ಆಮ್ಲಜನಕವನ್ನೂ ಒದಗಿಸುವ ಮಾಸಿನ ಕಡೆಗೆ ಹೆಚ್ಚು ರಕ್ತ ಹರಿಯಬೇಕು. ತೆಳುವಾದ ರಕ್ತ ಸಣ್ಣ ನಾಳಗಳಲ್ಲಿ ಸುಗಮವಾಗಿ ಹರಿಯುತ್ತದೆ. ಹೆರಿಗೆಯ ಕಾಲದಲ್ಲಿ ಅರ್ಧ ಲೀಟರಿನಷ್ಟು ರಕ್ತ ಹೋದರೂ ಆರೋಗ್ಯವಂತ ತಾಯಿ ತಾಳಿಕೊಳ್ಳುವುದಕ್ಕೆ ಈ ಹೆಚ್ಚಿನ ದಾಸ್ತಾನೇ ಒಂದು ಕಾರಣ.

ಇನ್ನೂ ಒಂದು ಸೋಜಿಗವಿದೆ. ರಕ್ತ ಸರಿಯಾಗಿ ತೆಳುವಾಗದಿರುವುದೇ ಕೆಲವೊಮ್ಮೆ ಅಪಾಯದ ಸೂಚನೆ. ಲಂಡನ್ನಿನ ಒಂದು ಭಾಗದ ಒಂದೂವರೆ ಲಕ್ಷಕ್ಕೂ ಹೆಚ್ಚು ಗರ್ಭಿಣಿಯರ ದಾಖಲೆಗಳನ್ನು ಪರಿಶೀಲಿಸಿದ ವೈದ್ಯರು 1995ರಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ಗರ್ಭಾವಧಿಯಲ್ಲಿ ಯಾರ ಹೀಮೋಗ್ಲೋಬಿನ್ 9.5ರಿಂದ 10.5 ಗ್ರಾಂವರೆಗೆ ಇಳಿದಿತ್ತೋ ಅವರಲ್ಲಿ ಕಡಿಮೆ ತೂಕದ ಶಿಶುಗಳು ಎಲ್ಲರಿಗಿಂತ ವಿರಳವಾಗಿದ್ದುವು. ಹೀಮೋಗ್ಲೋಬಿನ್ ಇಳಿಯದೆ ಎತ್ತರದಲ್ಲೇ ನಿಂತಿದ್ದವರಲ್ಲಿ ಅಂಥ ಶಿಶುಗಳು ಹೆಚ್ಚಾಗಿದ್ದುವು. ರಕ್ತರಸ ಬೆಳೆಯಲಿಲ್ಲ, ಅದಕ್ಕೆ ತಕ್ಕಂತೆ ಶಿಶುವೂ ಬೆಳೆಯಲಿಲ್ಲ.

ಇದನ್ನು ಓದಿ ರಕ್ತಹೀನತೆ ಒಳ್ಳೆಯದೆಂದು ಯಾರೂ ತಿಳಿಯಬಾರದು. ನೀರಿನಿಂದ ತೆಳುವಾಗುವುದು ಬೇರೆ, ಕಬ್ಬಿಣ ಮತ್ತು ಫೋಲಿಕ್ ಆಮ್ಲಗಳ ಅಭಾವದಿಂದ ಕೆಂಪುಕಣಗಳೇ ಸಾಲದಾಗುವುದು ಬೇರೆ. ನಮ್ಮ ದೇಶದಲ್ಲಿ ಎರಡನೆಯದು ಬಹಳ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಿಣಿಯರಲ್ಲಿ ಶೇಕಡಾ 52ರಷ್ಟು ಮಂದಿ ರಕ್ತಹೀನರಾಗಿದ್ದರು. ಗರ್ಭಿಣಿಯರಿಗೆ ಕಬ್ಬಿಣದ ಗುಳಿಗೆ ಕೊಡುವುದು ಈ ಕಾರಣದಿಂದ. ಅದನ್ನು ಬಿಡಬಾರದು.

ಬಸಿರಿನ ನಂಜು

ಈಗ ಕಾಲು ಊದುವ ವಿಷಯಕ್ಕೆ ಬರೋಣ. ಗರ್ಭಿಣಿಯ ಪಾದಗಳು ಸಂಜೆಯ ವೇಳೆಗೆ ಊದುವುದು ಬಹುಮಟ್ಟಿಗೆ ನಿರಪಾಯ. ಆದರೆ ಕೆಲವರಲ್ಲಿ ಐದನೆಯ ತಿಂಗಳು ದಾಟಿದ ಮೇಲೆ ರಕ್ತದ ಒತ್ತಡ ಏರುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಕಾಣಿಸಿಕೊಳ್ಳುತ್ತದೆ. ಮುಖ, ಕೈಗಳು ಊದುತ್ತವೆ. ತಲೆನೋವು ಬರುತ್ತದೆ, ಕಣ್ಣು ಮಂಜಾಗುತ್ತದೆ. ಕೊನೆಗೆ ಫಿಟ್ಸ್ ಬಂದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತು ಬರಬಹುದು. ರಕ್ತದಲ್ಲಿ ಯಾವುದೋ ವಿಷ ಸೇರುವುದರಿಂದ ಹೀಗಾಗುವುದೆಂದು ಹಿಂದಿನ ವೈದ್ಯರು ಭಾವಿಸಿ ಇದನ್ನು ಬಸಿರಿನ ನಂಜು ಎಂಬರ್ಥದ ಹೆಸರಿನಿಂದ ಕರೆದರು. ಈಗಿನ ಹೆಸರು ಪ್ರೀ-ಎಕ್ಲಾಂಪ್ಸಿಯ. ಪ್ರಪಂಚದಲ್ಲಿ ನೂರು ಗರ್ಭಿಣಿಯರಲ್ಲಿ ಇಬ್ಬರಿಂದ ಎಂಟು ಮಂದಿಗೆ ಇದು ಬರುತ್ತದೆಂದು ಅಂದಾಜು.

ವಿಷವೆಂದರೆ ಅದು ಬಂದುದೆಲ್ಲಿಂದ? ಊಟದಿಂದಲೇ ಇರಬೇಕೆಂದು ಅನೇಕರು ನಂಬಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಮಾಂಸಕ್ಕೂ ಕೊಬ್ಬಿಗೂ ಅಭಾವ ಉಂಟಾದಾಗ ಫಿಟ್ಸ್ ಬರುವ ಗರ್ಭಿಣಿಯರ ಸಂಖ್ಯೆ ಇಳಿಯಿತೆಂದು ಅಲ್ಲಿನ ವೈದ್ಯರು ವರದಿ ಮಾಡಿದರು. ಹಾಗಾದರೆ ಮಾಂಸವೇ ಅಪರಾಧಿ! ಅಂದಿನಿಂದ ಎಷ್ಟೋ ಆಸ್ಪತ್ರೆಗಳಲ್ಲಿ ಗರ್ಭಿಣಿಯ ಊಟವನ್ನು ಕಡಿತಗೊಳಿಸಲಾಯಿತು. ಉಪ್ಪನ್ನು ನಿಷೇಧಿಸಲಾಯಿತು. ತೂಕ ಏರದಂತೆ ನೋಡಿಕೊಳ್ಳಲಾಯಿತು. ಮುಂದೆ ಮೂತ್ರವನ್ನು ಹೆಚ್ಚಿಸುವ ಔಷಧಿಗಳು ಬಂದಾಗ ಊತವನ್ನು ಇಳಿಸಲು ಅವನ್ನೂ ಕೊಡಲಾಯಿತು.

ಇದಕ್ಕೆ ನೇರ ವಿರುದ್ಧವಾದ ವಾದವೂ ಹುಟ್ಟಿತು. 1935ರಲ್ಲಿ ಅಮೆರಿಕದ ವೈದ್ಯ ಮಾರಿಸ್ ಸ್ಟ್ರಾಸ್, ನಂಜಿನ ರೋಗಿಗಳ ರಕ್ತದಲ್ಲಿ ಸಸಾರಜನಕ ಇಳಿದಿರುವುದನ್ನು ಎತ್ತಿ ತೋರಿಸಿ, ಊಟದ ಕೊರತೆಯೇ ಊತಕ್ಕೆ ಕಾರಣವೆಂದು ವಾದಿಸಿದನು. 1966ರಲ್ಲಿ ಟಾಮ್ ಬ್ರೂಯರ್ ಎಂಬ ವೈದ್ಯ, ಈ ರೋಗ ಅಪೌಷ್ಟಿಕತೆಯ ರೋಗವೇ ಸರಿ ಎಂದು ಒಂದು ಪುಸ್ತಕವನ್ನೇ ಬರೆದನು. ಒಂದೇ ರೋಗಕ್ಕೆ ಒಬ್ಬರು ಸಸಾರಜನಕ ಹೆಚ್ಚಾಯಿತೆಂದರು, ಇನ್ನೊಬ್ಬರು ಸಾಲದೆಂದರು!

ಸತ್ಯ ಎಲ್ಲಿತ್ತು? ಉಪ್ಪು ಬಿಡಿಸುವುದು, ಊಟ ಕಡಿಮೆ ಮಾಡಿಸುವುದು, ಮೂತ್ರವರ್ಧಕ ಔಷಧಿ ಕೊಡುವುದು ಇವುಗಳಿಂದ ನಂಜು ತಪ್ಪುವುದಿಲ್ಲ. ಬದಲಿಗೆ ರಕ್ತರಸ ಬೆಳೆಯಬೇಕಾದ ಕಾಲದಲ್ಲಿ ಅದನ್ನು ಒಣಗಿಸಿದಂತಾಗುವುದು. ಈ ಪದ್ಧತಿಗಳನ್ನು ಬ್ರೂಯರ್ ವಿರೋಧಿಸಿದ್ದು ಸರಿಯಾಗಿತ್ತು. ಆದರೆ ಸಸಾರಜನಕದ ಅಭಾವವೇ ನಂಜಿಗೆ ಮೂಲವೆಂಬ ಮಾತು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಚೆನ್ನಾಗಿ ಉಂಡವರಿಗೂ ಈ ರೋಗ ಬರುವುದು. ಸಸಾರಜನಕವನ್ನು ಹೆಚ್ಚಾಗಿ ಕೊಟ್ಟವರಲ್ಲಿಯೂ ಅದು ಕಡಿಮೆಯಾದುದು ಕಂಡುಬರಲಿಲ್ಲ.

ಇಲ್ಲಿ ಕಾರ್ಯವನ್ನೇ ಕಾರಣವೆಂದು ಭ್ರಮಿಸಲಾಗಿತ್ತು. ನಂಜಿನಲ್ಲಿ ರಕ್ತನಾಳಗಳ ಒಳಪದರ ಕೆಡುತ್ತದೆ. ಆಲ್ಬುಮಿನ್ ನಾಳಗಳಿಂದ ಅಂಗಾಂಶಕ್ಕೂ ಮೂತ್ರಪಿಂಡಗಳಿಂದ ಮೂತ್ರಕ್ಕೂ ಸೋರುತ್ತದೆ. ಆದುದರಿಂದ ರಕ್ತದಲ್ಲಿ ಅದು ಇಳಿಯುತ್ತದೆ. ಆಲ್ಬುಮಿನ್ ಇಳಿದದ್ದರಿಂದ ರೋಗ ಬರಲಿಲ್ಲ. ರೋಗ ಬಂದದ್ದರಿಂದ ಆಲ್ಬುಮಿನ್ ಇಳಿಯಿತು. ನಾಳಗಳನ್ನು ಕೆಡಿಸುವ ವಸ್ತು ಹೊರಡುವುದು ಮಾಸಿನಿಂದ. ಗರ್ಭಾಶಯದ ರಕ್ತನಾಳಗಳು ಸಾಕಷ್ಟು ಹಿಗ್ಗದೆ ಮಾಸಿಗೆ ರಕ್ತ ಸಾಲದಾದಾಗ ಅದು ಕೆಲವು ಸಸಾರಜನಕಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅಂಥ ಒಂದು ವಸ್ತುವಿನ ಪಾತ್ರವನ್ನು ಬಾಸ್ಟನ್ನಿನಲ್ಲಿ ಅನಂತ್ ಕರುಮಾಂಚಿಯವರೂ ಅವರ ಸಂಗಡಿಗರೂ 2003ರಲ್ಲಿ ತೋರಿಸಿಕೊಟ್ಟರು. ನಂಜು ಎಂಬ ಹಳೆಯ ಹೆಸರಿನಲ್ಲಿ ಸ್ವಲ್ಪ ಸತ್ಯವಿತ್ತು ಎನ್ನಬೇಕು. ಆದರೆ ಆ ನಂಜು ಊಟದ ಎಲೆಯಿಂದ ಬಂದುದಲ್ಲ.

ಆಹಾರಕ್ಕೂ ಈ ರೋಗಕ್ಕೂ ಸಂಬಂಧವೇ ಇಲ್ಲವೆ? ಒಂದು ಸಂಬಂಧ ಸಿಕ್ಕಿದೆ. ಅದು ಸಸಾರಜನಕದ್ದಲ್ಲ, ಸುಣ್ಣದ್ದು. ಆಹಾರದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ ಇರುವ ಜನರಲ್ಲಿ ಗರ್ಭಿಣಿಯರಿಗೆ ಕ್ಯಾಲ್ಸಿಯಂ ಗುಳಿಗೆ ಕೊಟ್ಟರೆ ನಂಜು ಕಡಿಮೆಯಾಗುವುದು. ದಿನಕ್ಕೆ ಎಷ್ಟು ಬೇಕು? ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿಯೂ ಟಾಂಜಾನಿಯದಲ್ಲಿಯೂ ತಲಾ 11,000 ಚೊಚ್ಚಲ ಗರ್ಭಿಣಿಯರ ಮೇಲೆ ಪರೀಕ್ಷಿಸಿ, 500 ಮಿಲಿಗ್ರಾಂ ಕೊಟ್ಟರೂ 1,500 ಮಿಲಿಗ್ರಾಮಿನಷ್ಟೇ ರಕ್ಷಣೆ ದೊರೆಯುವುದೆಂದು 2024ರಲ್ಲಿ ಪ್ರಕಟಿಸಲಾಯಿತು.

ಕೊರತೆ ಕಾಣುವುದೆಲ್ಲಿ?

ಹಾಗಾದರೆ ಸಸಾರಜನಕದ ಕೊರತೆ ಎಂಬುದೇ ಇಲ್ಲವೆ? ಖಂಡಿತವಾಗಿಯೂ ಇದೆ. ಆದರೆ ಅದು ಆಲ್ಬುಮಿನ್ನಿನ ಚೀಟಿಯಲ್ಲಿ ಸುಲಭವಾಗಿ ಕಾಣುವುದಿಲ್ಲ. ಶರೀರ ತನ್ನ ರಕ್ತದ ಆಲ್ಬುಮಿನ್ನನ್ನು ಕೊನೆಯವರೆಗೂ ಕಾಪಾಡಿಕೊಳ್ಳಲು ಹೆಣಗುತ್ತದೆ. ಅದಕ್ಕಾಗಿ ಮಾಂಸಖಂಡಗಳನ್ನು ಕರಗಿಸುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಮಂದಿ ಯುವಕರು ತಾವಾಗಿ ಒಪ್ಪಿ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಕಾಲುಗಳು ಊದಿಕೊಂಡುವು. ಆದರೆ ರಕ್ತರಸದ ಸಸಾರಜನಕ ಇಳಿದದ್ದು ಸ್ವಲ್ಪ ಮಾತ್ರ. ಇದಕ್ಕೆ ಪ್ರತಿಯಾಗಿ, ಚೆನ್ನಾಗಿ ಉಂಡವನಿಗೂ ಸೋಂಕು ತಗುಲಿದರೆ ಕೆಲವೇ ದಿನಗಳಲ್ಲಿ ಆಲ್ಬುಮಿನ್ ಇಳಿಯಬಹುದು. ಊಟವನ್ನು ಅಳೆಯುವುದಕ್ಕೆ ಆಲ್ಬುಮಿನ್ ಒಳ್ಳೆಯ ಅಳತೆಗೋಲಲ್ಲ.

ಗರ್ಭಾವಧಿಯಲ್ಲಿ ತಾಯಿಯ ಶರೀರ ಒಟ್ಟಿಗೆ ಎಷ್ಟು ಸಸಾರಜನಕವನ್ನು ಕೂಡಿಹಾಕಬೇಕು? ಫ್ರಾಂಕ್ ಹಿಟ್ಟನ್ ಎಂಬ ಬ್ರಿಟಿಷ್ ವಿಜ್ಞಾನಿಯ ಪ್ರಸಿದ್ಧ ಲೆಕ್ಕದಂತೆ ಸುಮಾರು 925 ಗ್ರಾಂ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಶಿಶುವಿನ ಪಾಲು. ಉಳಿದದ್ದು ಮಾಸು, ಗರ್ಭಾಶಯ, ಸ್ತನಗಳು ಮತ್ತು ಹೆಚ್ಚಿದ ರಕ್ತದ ಪಾಲು. ಇದಕ್ಕಾಗಿ ಶರೀರ ಮೊದಲಿನಿಂದಲೇ ಮಿತವ್ಯಯಕ್ಕೆ ತೊಡಗುತ್ತದೆ. ಸಸಾರಜನಕ ಸುಟ್ಟುಹೋದಾಗ ಅದರ ಸಾರಜನಕ ಯೂರಿಯ ಆಗಿ ಮೂತ್ರದಲ್ಲಿ ಹೊರಬೀಳುವುದಷ್ಟೆ. ಗರ್ಭಿಣಿಯಲ್ಲಿ ಯೂರಿಯದ ತಯಾರಿಕೆ ತಗ್ಗುತ್ತದೆ. ಅಂದರೆ ಸಸಾರಜನಕವನ್ನು ಸುಡದೆ ಕಟ್ಟಡಕ್ಕೆ ಉಳಿಸಿಕೊಳ್ಳಲಾಗುತ್ತದೆ. ನಮ್ಮ ಚೀಟಿಯಲ್ಲಿ ಯೂರಿಯ ಇಳಿದಿದ್ದ ಕಾರಣಗಳಲ್ಲಿ ಇದೂ ಒಂದು. ಮಾಸಾದರೋ ತಾಯಿಯ ರಕ್ತದಿಂದ ಅಮೈನೊ ಆಮ್ಲಗಳನ್ನು, ಅಂದರೆ ಸಸಾರಜನಕದ ಇಟ್ಟಿಗೆಗಳನ್ನು, ಎತ್ತಿ ಎತ್ತಿ ಶಿಶುವಿನ ಕಡೆಗೆ ಸಾಗಿಸುತ್ತದೆ. ಶಿಶುವಿನ ರಕ್ತದಲ್ಲಿ ಅವು ತಾಯಿಯ ರಕ್ತದಲ್ಲಿರುವುದಕ್ಕಿಂತ ಹೆಚ್ಚಾಗಿರುತ್ತವೆ.

ಈ ಮಿತವ್ಯಯಕ್ಕೂ ಒಂದು ಮಿತಿಯುಂಟು. ಅದು ದಾಟಿದಾಗ ಪೆಟ್ಟು ಬೀಳುವುದು ಶಿಶುವಿನ ಬೆಳವಣಿಗೆಗೆ. 1944-45ರ ಚಳಿಗಾಲದಲ್ಲಿ ಜರ್ಮನರ ದಿಗ್ಬಂಧನಕ್ಕೆ ಸಿಕ್ಕಿದ ಪಶ್ಚಿಮ ಹಾಲೆಂಡಿನಲ್ಲಿ ದಿನದ ಪಡಿ 1,000 ಕ್ಯಾಲೊರಿಗಿಂತಲೂ ಕೆಳಗಿಳಿಯಿತು. ಗರ್ಭದ ಕೊನೆಯ ತಿಂಗಳುಗಳನ್ನು ಆ ಕ್ಷಾಮದಲ್ಲಿ ಕಳೆದ ತಾಯಂದಿರ ಶಿಶುಗಳ ತೂಕ ಸರಾಸರಿ 300 ಗ್ರಾಮಿನಷ್ಟು ಇಳಿಯಿತು.

ಕೊರತೆಯನ್ನು ತುಂಬಿದರೆ ಫಲವುಂಟೆ? ಪಶ್ಚಿಮ ಆಫ್ರಿಕದ ಗ್ಯಾಂಬಿಯ ದೇಶದ 28 ಹಳ್ಳಿಗಳಲ್ಲಿ ಇದನ್ನು ಐದು ವರ್ಷ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದರು. ಅಲ್ಲಿನ ಹೆಂಗಸರು ಮಳೆಗಾಲದಲ್ಲಿ ಹೊಲದ ಕೆಲಸ ಬಹಳ, ಕಣಜದಲ್ಲಿ ಧಾನ್ಯ ಕಡಿಮೆ ಎಂಬ ಸ್ಥಿತಿಯಲ್ಲಿರುತ್ತಾರೆ. ಕಡಲೆಕಾಯಿ, ಅಕ್ಕಿಹಿಟ್ಟು, ಸಕ್ಕರೆ, ಎಣ್ಣೆ ಸೇರಿಸಿ ಊರಿನಲ್ಲೇ ಸುಟ್ಟ ಬಿಸ್ಕತ್ತುಗಳನ್ನು ಐದನೆಯ ತಿಂಗಳಿಂದ ದಿನವೂ ಕೊಡಲಾಯಿತು. ಅವುಗಳಲ್ಲಿ ಸುಮಾರು 1,000 ಕ್ಯಾಲೊರಿ ಶಕ್ತಿಯೂ 22 ಗ್ರಾಂ ಸಸಾರಜನಕವೂ ಇದ್ದುವು. ಶಿಶುಗಳ ತೂಕ ಸರಾಸರಿ 136 ಗ್ರಾಂ ಹೆಚ್ಚಿತು. ಹಸಿವಿನ ಕಾಲದಲ್ಲಿ ಹುಟ್ಟಿದವುಗಳಲ್ಲಿ 201 ಗ್ರಾಂ. ಸತ್ತು ಹುಟ್ಟುವ ಶಿಶುಗಳ ಸಂಖ್ಯೆ ಅರ್ಧದಷ್ಟಾಯಿತು.

ಹಾರ್ಲೆಮ್ಮಿನ ಪಾಠ

ಸ್ವಲ್ಪ ಕೊಟ್ಟರೆ ಇಷ್ಟು ಫಲವಾದರೆ ಬಹಳ ಕೊಟ್ಟರೆ ಇನ್ನೆಷ್ಟು ಫಲವಾದೀತು! ಹೀಗೆ ಯೋಚಿಸುವುದು ಮನುಷ್ಯ ಸಹಜ. ಇದಕ್ಕೆ ಉತ್ತರ ಗ್ಯಾಂಬಿಯಕ್ಕಿಂತ ಮೊದಲೇ ದೊರೆತಿತ್ತು. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಬಡ ನೀಗ್ರೋ ಗರ್ಭಿಣಿಯರೆಂದು ಅಂದು ಕರೆಯಲಾಗುತ್ತಿದ್ದ ಕರಿಯ ಜನಾಂಗದ ತಾಯಂದಿರಿಗೆ ಒಳಿತಾಗಲೆಂದು ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ದಿನಕ್ಕೆ 40 ಗ್ರಾಂ ಸಸಾರಜನಕವುಳ್ಳ ಪಾನೀಯ, ಇನ್ನೊಂದಕ್ಕೆ 6 ಗ್ರಾಂ ಮಾತ್ರ ಉಳ್ಳ ಪಾನೀಯ, ಮೂರನೆಯದಕ್ಕೆ ಪಾನೀಯವಿಲ್ಲ. 1980ರಲ್ಲಿ ಫಲಿತಾಂಶ ಹೊರಬಂದಾಗ ಎಲ್ಲರೂ ಬೆಚ್ಚಿದರು. ಹೆಚ್ಚು ಸಸಾರಜನಕ ಕುಡಿದ ಗುಂಪಿನಲ್ಲಿಯೇ ಬಹಳ ಅವಧಿಗೆ ಮುಂಚೆ ಹುಟ್ಟಿದ ಶಿಶುಗಳೂ ಅವುಗಳ ಸಾವುಗಳೂ ಹೆಚ್ಚಾಗಿದ್ದುವು.

ಗ್ಯಾಂಬಿಯದ ಬಿಸ್ಕತ್ತಿಗೂ ಹಾರ್ಲೆಮ್ಮಿನ ಪಾನೀಯಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಬಿಸ್ಕತ್ತಿನಲ್ಲಿ ಶಕ್ತಿ ಹೆಚ್ಚು, ಅದರಲ್ಲಿ ಹದವಾಗಿ ಸಸಾರಜನಕ. ಪಾನೀಯದಲ್ಲಿ 470 ಕ್ಯಾಲೊರಿಗೆ 40 ಗ್ರಾಂ. ಅಂದರೆ ಶಕ್ತಿಯ ಮೂರನೆಯ ಒಂದು ಪಾಲು ಸಸಾರಜನಕದಿಂದಲೇ. ಹೊಟ್ಟೆ ತುಂಬ ಅನ್ನವಿಲ್ಲದವರಿಗೆ ಬರಿಯ ಸಸಾರಜನಕವನ್ನು ಕೊಟ್ಟರೆ ಶರೀರ ಅದನ್ನು ಕಟ್ಟಡಕ್ಕೆ ಬಳಸದೆ ಉರುವಲಾಗಿ ಸುಡುವುದು. ಸೌದೆ ಇಲ್ಲದ ಮನೆಯಲ್ಲಿ ತೊಲೆಯನ್ನೇ ಸೀಳಿ ಒಲೆಗೆ ಹಾಕಿದಂತೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ನೀಡಿದ ಸಲಹೆ ಇದಕ್ಕೆ ಅನುಗುಣವಾಗಿದೆ. ಅಪೌಷ್ಟಿಕತೆ ಹರಡಿರುವ ಕಡೆ ಗರ್ಭಿಣಿಯರಿಗೆ ಶಕ್ತಿಯೂ ಸಸಾರಜನಕವೂ ಹೊಂದಿಕೊಂಡ ಹೆಚ್ಚುವರಿ ಆಹಾರ ಕೊಡಬೇಕು. ಸಸಾರಜನಕವನ್ನೇ ವಿಪರೀತವಾಗಿ ತುಂಬಿದ ಆಹಾರ ಕೊಡಬಾರದು.

ಎಲೆಯ ಮೇಲಿನ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಅಂಕಿಗಳಂತೆ, 55 ಕಿಲೋಗ್ರಾಂ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಸಸಾರಜನಕ ಬೇಕು. ಗರ್ಭದ ನಡುವಣ ಮೂರು ತಿಂಗಳಲ್ಲಿ ಇದಕ್ಕೆ 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಸೇರಿಸಬೇಕು. ಜೊತೆಗೆ 350 ಕ್ಯಾಲೊರಿ ಶಕ್ತಿಯೂ ಹೆಚ್ಚಬೇಕು. ಈ 22 ಗ್ರಾಂ ಎಲ್ಲಿಂದ ಬರಬೇಕು? ಒಂದು ದೊಡ್ಡ ಲೋಟ ಹಾಲಿನಿಂದ 6, ಒಂದು ಮೊಟ್ಟೆಯಿಂದ 6, ಒಂದು ಹಿಡಿ ಕಡಲೆಕಾಯಿ ಬೀಜದಿಂದ 7, ಸಾರಿಗೆ ಹೆಚ್ಚಾಗಿ ಹಾಕಿದ 20 ಗ್ರಾಂ ತೊಗರಿಬೇಳೆಯಿಂದ 4. ಲೆಕ್ಕ ಮುಗಿಯಿತು, ಡಬ್ಬದ ಪುಡಿಯ ಅಗತ್ಯ ಬೀಳಲಿಲ್ಲ.

ಪ್ರಮಾಣದ ಜೊತೆಗೆ ಗುಣವನ್ನೂ ನೋಡಬೇಕು. ಅಕ್ಕಿ, ರಾಗಿ, ಜೋಳಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಅವರೆ, ಹುರುಳಿ, ತೊಗರಿ, ಕಡಲೆಗಳಲ್ಲಿ ಅದು ಧಾರಾಳ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾಲಯದಲ್ಲಿ ಅನುರ ಕುರ್ಪಾಡರು ಮತ್ತು ಸಂಗಡಿಗರು ಭಾರವಾದ ಇಂಗಾಲದ ಗುರುತುಳ್ಳ ಅಮೈನೊ ಆಮ್ಲವನ್ನು ಸ್ವಯಂಸೇವಕರಿಗೆ ಕೊಟ್ಟು, ಇಪ್ಪತ್ತನಾಲ್ಕು ಗಂಟೆ ಅವರ ಉಸಿರನ್ನು ಪರೀಕ್ಷಿಸಿ ಲೈಸಿನ್ನಿನ ಅವಶ್ಯಕತೆಯನ್ನು ಅಳೆದರು. ಇಂಥ ಅಳತೆಗಳ ಫಲವಾಗಿ, ವಯಸ್ಕರಿಗೆ ತೂಕದ ಪ್ರತಿ ಕಿಲೋಗ್ರಾಮಿಗೆ 12 ಮಿಲಿಗ್ರಾಂ ಸಾಕೆಂದು 1985ರಲ್ಲಿ ಹೇಳಿದ್ದ ಅಂತರರಾಷ್ಟ್ರೀಯ ತಜ್ಞರು 2007ರಲ್ಲಿ ಅದನ್ನು 30ಕ್ಕೆ ಏರಿಸಿದರು. ಬರಿಯ ಮುದ್ದೆ, ಬರಿಯ ಅನ್ನ ಏಕೆ ಸಾಲದೆಂಬುದಕ್ಕೆ ಇದೇ ಆಧಾರ. ಮುದ್ದೆಗೆ ಹುರುಳಿಯ ಸಾರು, ರೊಟ್ಟಿಗೆ ಕಾಳಿನ ಪಲ್ಯ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುವುದು. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟಕ್ಕೆ ಬೇಳೆಯ ಜೊತೆಗೆ ಹಾಲನ್ನೂ ಮೊಟ್ಟೆಯನ್ನೂ ಸೇರಿಸಿದ್ದು ಈ ತತ್ತ್ವಕ್ಕೆ ಒಪ್ಪುವಂಥದೇ.

ಇಷ್ಟೆಲ್ಲ ಇದ್ದರೂ ಗರ್ಭಿಣಿ ಉಣ್ಣದೆ ಇರುವುದೂ ಉಂಟು. ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇದ್ದು ಅಭ್ಯಾಸ ಮಾಡಿ 1983ರಲ್ಲಿ ಒಂದು ಲೇಖನ ಪ್ರಕಟಿಸಿದರು. ಹೊಟ್ಟೆಯಲ್ಲಿ ಅನ್ನಕ್ಕೂ ಮಗುವಿಗೂ ಇರುವುದು ಒಂದೇ ಜಾಗ, ಹೆಚ್ಚು ಉಂಡರೆ ಮಗುವಿಗೆ ಇಕ್ಕಟ್ಟಾಗುವುದು, ಮಗು ಬಹಳ ದಪ್ಪವಾದರೆ ಹೆರಿಗೆ ಕಷ್ಟವಾಗುವುದು ಎಂಬ ನಂಬಿಕೆಗಳು ಅಲ್ಲಿ ಅವರಿಗೆ ಕಂಡುಬಂದುವು. ಇದನ್ನು ಹಳ್ಳಿಯ ಮೌಢ್ಯವೆಂದು ನಗುವ ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಹೆರಿಗೆ ಸುಲಭವಾಗಲೆಂದು ಗರ್ಭಿಣಿಯ ಊಟವನ್ನು ಮೊಟಕು ಮಾಡುವ ಪಥ್ಯವನ್ನು 1889ರಲ್ಲಿ ಜರ್ಮನಿಯ ಪ್ರೊಕೋವ್ನಿಕ್ ಎಂಬ ವೈದ್ಯನೇ ಪ್ರಚಾರಕ್ಕೆ ತಂದನು. ಶಸ್ತ್ರಚಿಕಿತ್ಸೆ ಅಪಾಯಕರವಾಗಿದ್ದ ಕಾಲದಲ್ಲಿ ಆ ಭಯಕ್ಕೆ ಕಾರಣವಿತ್ತು. ಇಂದು ಆ ಕಾರಣವಿಲ್ಲ. ಅರೆಹೊಟ್ಟೆಯಿಂದ ಹೆರಿಗೆ ಸುಖವಾಗುವುದು ನಿಶ್ಚಯವಲ್ಲ. ಶಿಶು ಬಡಕಲಾಗುವ ಸಂಭವ ಮಾತ್ರ ನಿಶ್ಚಯವಾಗಿ ಹೆಚ್ಚುವುದು.

ಮತ್ತೆ ಆ ಎರಡು ಚೀಟಿಗಳು

ನಮ್ಮ ತರುಣಿಯ ಚೀಟಿಗಳನ್ನು ಈಗ ಇನ್ನೊಮ್ಮೆ ನೋಡೋಣ. ಹೀಮೋಗ್ಲೋಬಿನ್ 11, ಆಲ್ಬುಮಿನ್ 3, ಯೂರಿಯ ಕಡಿಮೆ. ಎಂಟನೆಯ ತಿಂಗಳ ಗರ್ಭಿಣಿಗೆ ಇವು ಸಹಜವಾದ ಅಂಕಿಗಳು. ಆಕೆಯ ರಕ್ತ ಬಡವಾಗಿಲ್ಲ, ಬೆಳೆದಿದೆ. ಆಕೆಗೆ ಊಟ ಸಾಲುತ್ತಿದೆಯೇ ಎಂಬುದನ್ನು ತಿಳಿಯಲು ವೈದ್ಯರು ನೋಡುವುದು ತಿಂಗಳಿಂದ ತಿಂಗಳಿಗೆ ಏರುವ ತೂಕವನ್ನು, ಬೆಳೆಯುವ ಹೊಟ್ಟೆಯ ಅಳತೆಯನ್ನು, ಆಕೆ ದಿನವೂ ಏನೇನು ಉಣ್ಣುತ್ತಾಳೆಂಬುದನ್ನು. ಊತ ಪಾದಕ್ಕೆ ಮಾತ್ರ ಇದ್ದು ಬೆಳಗ್ಗೆಗೆ ಇಳಿಯುವುದಾದರೆ ಚಿಂತೆಯಿಲ್ಲ. ಆದರೆ ರಕ್ತದ ಒತ್ತಡ 140/90 ಮುಟ್ಟಿದರೆ, ಮೂತ್ರದಲ್ಲಿ ಆಲ್ಬುಮಿನ್ ಕಂಡರೆ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಇವುಗಳಲ್ಲಿ ಯಾವುದಾದರೂ ತೋರಿದರೆ ಒಂದು ರಾತ್ರಿಯನ್ನೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅದನ್ನು ಹಾಲು ಮೊಟ್ಟೆಗಳಿಂದ ವಾಸಿಮಾಡಲು ಕೂಡದು. ಹೆರಿಗೆಯಾದ ಮೇಲಿನ ಕೆಲವು ದಿನಗಳಲ್ಲಿಯೂ ಈ ಎಚ್ಚರ ಬೇಕು.

ಅತ್ತೆಯ ಮಾತಿನಲ್ಲಿ ಅರ್ಧ ಸತ್ಯವಿತ್ತು. ಸೊಸೆಗೆ ಇನ್ನೊಂದು ಸೌಟು ಬೇಳೆಯನ್ನೂ ಒಂದು ಲೋಟ ಹಾಲನ್ನೂ ಬಡಿಸುವುದು ಒಳ್ಳೆಯದೇ. ರಕ್ತ ತೆಳುವಾಯಿತೆಂಬ ಭಯದಿಂದಲ್ಲ, ಒಳಗೆ ಒಂದು ಜೀವ 925 ಗ್ರಾಮಿನ ಕಟ್ಟಡ ಎಬ್ಬಿಸುತ್ತಿದೆ ಎಂಬ ತಿಳಿವಳಿಕೆಯಿಂದ.